ಕನ್ನಡಿಯೊಳಗೆ ಸತ್ತ ನಾಯಕಸಾನಿ

ಸೂರ್ಯ ನಮ್ಮೂರಿಗೆ ಬರೋ ಮುಂಚೆ ಹಾದು ಬರೋ ಒಂದು ದೇಶ ಇದೆಯಂತೆ. ಜಪಾನು ಅಂತ ಅದರ ಹೆಸರು. ಸುತ್ತ ನೀರು, ನಡುವೆ ನೆಲ. ಆ ದೇಶದ ರಾಜಧಾನಿಯ ಆಚೆ, ಗದ್ದೆ ಬಯಲಲ್ಲಿ, ಒಂದಾನೊಂದು ಕಾಲಕ್ಕೆ ಒಂದು ಪೇಟೆ ಇತ್ತಂತೆ. ಹೂವಿನ ಪೇಟೆ ಅಂತ ಕರೀತಿದ್ರು. ಹೂವು ಮಾರೋ ಪೇಟೆ ಅಲ್ಲ ಕಣ್ರಪ್ಪ. ನಾಯಕಸಾನಿಯರ ಪೇಟೆ. ಏಯ್, ಹಿಂದೆ ಕೂತು ಕಿಸಿಕಿಸಿ ನಗೋರು ಎದ್ದು ಮನೆಗೆ ಹೋಗಿ. ಪೇಟೆಯ ಸುತ್ತ ಕಂದಕ, ಕಂದಕದ ಒಳಗೆ ಗೋಡೆ, ಗೋಡೆಗೆ ಒಂದೇ ಒಂದು ಬಾಗಿಲು. ಆ ಬಾಗಿಲಲ್ಲಿ ಗಂಡಸರು ಬರಬಹುದು, ಹೋಗಬಹುದು. ಅಲ್ಲಿನ ಹೆಂಗಸರು ಒಂದು ಸಲ ಒಳಗೆ ಬಂದರೆ ವಾಯಿದೆ ಮುಗಿಯೋ ತನಕ ಹೊರಗೆ ಕಾಲಿಡೋ ಹಾಗಿಲ್ಲ. ಇದು ಯಾವ ನ್ಯಾಯ ಅಂತ ನನ್ನ ಕೇಳಬೇಡಿ. ನಾನು ಕಥೆ ಹೇಳೋಳು, ಆ ಗೋಡೆ ಕಟ್ಟಿದವಳಲ್ಲ.

ಆ ಪೇಟೆಯಲ್ಲಿ ಕೊಹಗಿ ಅಂತ ಒಬ್ಬಳಿದ್ದಳಂತೆ. ಕೊಹಗಿ ಅಂದ್ರೆ ಅವರ ಕಡೆ ಬಿಡೋ ಒಂದು ಸಣ್ಣ ನೇರಳೆ ಹೂವು. ಅದು ಪೇಟೆಯವರು ಇಟ್ಟ ಹೆಸರು. ಹೆತ್ತವಳು ಇಟ್ಟ ಹೆಸರು ಇಸೊ. ಅವಳ ಊರು ದೂರದ ಕಡಲ ದಂಡೆ. ತಾಯಿ ನಾಮಿ, ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯೋಳು. ಅಲ್ಲಿ ಮುಳುಗೋ ಕೆಲಸ ಹೆಂಗಸರದ್ದೇ ಅಂತೆ. ಉಸಿರು ಬಿಗಿಹಿಡಿದು ತಳಕ್ಕೆ ಹೋಗಿ, ಮೇಲೆ ಬಂದು ಸುಯ್ಯ್ ಅಂತ ಸಿಳ್ಳೆ ಹಾಕಿದ ಹಾಗೆ ಉಸಿರು ಬಿಡ್ತಾರಂತೆ. ಆಮೇಲೆ ದಡದಲ್ಲಿ ಬೆಂಕಿ ಹಾಕ್ಕೊಂಡು ಮೈ ಕಾಯಿಸ್ಕೋತಾರಂತೆ. ಇಸೊ ಮಗುವಾಗಿದ್ದಾಗ ಒಂದು ದಿನ ಬಂಡೆ ಮೇಲೆ ಓಡ್ತಾ ಓಡ್ತಾ ಒಡೆದ ಚಿಪ್ಪು ತುಳಿದಳು. ಎಡಗಾಲ ಹೆಬ್ಬೆರಳ ಬುಡ ಸೀಳಿಹೋಯ್ತು. ಗಾಯ ಮಾಯ್ತು, ಅರ್ಧಚಂದ್ರನಂಥ ಕಲೆ ಉಳೀತು.

ಮುಂದೆ ಒಂದು ವರ್ಷ ಬಿರುಗಾಳಿಗೆ ದೋಣಿ ಮುಳುಗಿ ಅಪ್ಪ ಹೋದ. ಚಿಕ್ಕಪ್ಪ ಅನ್ನಿಸ್ಕೊಂಡವನು ಪೇಟೆಯ ದಳ್ಳಾಳಿಯನ್ನ ಕರ್ಕೊಂಡು ಬಂದು ಮಗುವನ್ನ ಮಾರಿಬಿಟ್ಟ. ಏಳು ವರ್ಷದ ಮಗು! ಅವನ ಕೈ ಸೇದಿಹೋಗ! ತಾಯಿ ಅತ್ತಳು, ಗೋಗರೆದಳು, ಕಾಲು ಕಟ್ಟಿಕೊಂಡಳು. ಯಾರು ಕೇಳ್ತಾರೆ? ಮಗಳನ್ನ ಕರ್ಕೊಂಡು ಹೋಗೋವಾಗ ತಲೆ ಎತ್ತಿ ಆ ಮುಖ ನೋಡೋ ಶಕ್ತಿ ಅವಳಿಗಿರಲಿಲ್ಲವಂತೆ. ಮರಳ ಮೇಲೆ ದೂರ ಆಗ್ತಿದ್ದ ಎರಡು ಪುಟ್ಟ ಕಾಲುಗಳನ್ನೇ ನೋಡ್ತಾ ಕೂತಿದ್ದಳಂತೆ.

ಇಸೊ ಪೇಟೆಯಲ್ಲಿ ಬೆಳೆದಳು, ಕೊಹಗಿ ಆದಳು. ನಾಯಕಸಾನಿ ಅಂದ್ರೆ ಮೈಮಾಟ ಅಷ್ಟೇ ಅಂದ್ಕೋಬೇಡಿ. ಅವಳು ಮೂರು ತಂತಿಯ ವಾದ್ಯ ನುಡಿಸಿದರೆ ಬೀದಿಯಲ್ಲಿ ಹೋಗೋ ಹಮಾಲಿ ಹೊರೆ ಇಳಿಸಿ ನಿಂತುಬಿಡ್ತಿದ್ದನಂತೆ. ಅಕ್ಷರ ಬರೆದರೆ ಪಂಡಿತರು ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತಿದ್ರಂತೆ. ಪದ್ಯಕ್ಕೆ ಪದ್ಯ, ಮಾತಿಗೆ ಮಾತು. ಇನ್ನು ಬೀದಿಗೆ ಬಂದಳೋ, ಅದೇ ಒಂದು ಉತ್ಸವ. ಗೇಣೆತ್ತರದ ಮರದ ಮೆಟ್ಟು ಮೆಟ್ಟಿ, ಒಂದೊಂದು ಕಾಲನ್ನೂ ಹೊರಗಡೆಯಿಂದ ಬಳಸಿ ತಂದು ಮುಂದಿಡಬೇಕು. ತಲೆಯಲ್ಲಿ ಆಮೆಚಿಪ್ಪಿನ ಬಾಚಣಿಗೆಗಳು, ಮೈಮೇಲೆ ಪದರ ಪದರ ಜರಿ, ಎದುರುಗಡೆ ಕಟ್ಟಿದ ನಡುಪಟ್ಟಿ. ಆ ಭಾರ ಹೊತ್ತು ಎಡವದೆ ನಡೆಯೋಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಇಷ್ಟೆಲ್ಲ ಇದ್ದರೂ ಕಾಲು ಮಾತ್ರ ಬರಿಗಾಲು! ಹಿಮ ಬೀಳೋ ಕಾಲದಲ್ಲೂ ಆ ಪೇಟೆಯ ನಾಯಕಸಾನಿಯರು ಕಾಲುಚೀಲ ಹಾಕ್ತಿರಲಿಲ್ಲವಂತೆ. ಅದೊಂದು ಬಿಂಕ, ಅದೊಂದು ಹಟ. ನಮ್ಮನ್ನ ಗೋಡೆ ಒಳಗಿಟ್ಟಿರಬಹುದು, ಚಳಿಗೆ ಮಾತ್ರ ಹೆದರೋರಲ್ಲ ಅಂತ ತೋರಿಸೋದು. ನನಗಂತೂ ಇದು ಬಹಳ ಹಿಡಿಸಿತು.

ಅವರ ಚಿತ್ರ ಬರೀತಿದ್ರು. ಚಿತ್ರಗಾರ ಬರೆದದ್ದನ್ನ ಹಲಗೆಯಲ್ಲಿ ಕೊರೆದು, ಬಣ್ಣ ಹಚ್ಚಿ, ಕಾಗದಕ್ಕೆ ಒತ್ತಿ ಸಾವಿರಗಟ್ಟಲೆ ಮಾರ್ತಿದ್ರಂತೆ. ಪರಊರಿನಿಂದ ಬಂದವರು ಮಡಿಚಿ ಎದೆಗವಚಿಕೊಂಡು ಊರಿಗೆ ಒಯ್ತಿದ್ರಂತೆ. ಎಷ್ಟು ಚೆಂದ ಅಂತೀರಿ! ಹಣೆಯ ಮೇಲೆ ಕೂದಲು ಎಳೆ ಎಳೆಯಾಗಿ, ಜರಿಯ ಮೇಲೆ ಎಲೆ ಎಲೆಯಾಗಿ, ಕತ್ತಿನ ಹಿಂಭಾಗ ಒಂದೇ ಗೆರೆಯಲ್ಲಿ. ಆದರೆ ಒಂದು ತಮಾಷೆ ನೋಡಿ, ಯಾವ ಚಿತ್ರ ತಗೊಂಡ್ರೂ ಮುಖ ಒಂದೇ. ಮೊಟ್ಟೆಯಂಥ ಮುಖ, ಗೆರೆಯಂಥ ಮೂಗು, ಎಳ್ಳುಕಾಳಿನಷ್ಟು ಬಾಯಿ. ಇವಳು ಯಾರು ಅಂತ ತೋಳಿನ ಮೇಲಿನ ಗುರುತು ನೋಡಿ ಹೇಳಬೇಕು. ಕೊಹಗಿಯ ತೋಳಿನ ಮೇಲೆ ಆ ನೇರಳೆ ಹೂವಿನ ಗೊಂಚಲು.

ಇನ್ನೊಂದು ಮಾತು. ಇದನ್ನ ಸೆರಗಿಗೆ ಗಂಟು ಹಾಕಿಟ್ಕೊಳ್ಳಿ, ಕಥೆ ಇದರ ಮೇಲೆ ನಿಂತಿದೆ. ಆ ದೇಶದಲ್ಲಿ ಗಂಡಸಾಗಲಿ ಹೆಂಗಸಾಗಲಿ ನಿಲುವಂಗಿ ತೊಡೋವಾಗ ಅದರ ಮುಂದಿನ ಎರಡು ಸೆರಗನ್ನ ಎದೆ ಮೇಲೆ ಒಂದರ ಮೇಲೊಂದು ಮಡಿಸ್ತಾರೆ, ಬಲಸೆರಗು ಒಳಗೆ, ಎಡಸೆರಗು ಮೇಲೆ. ಹೆಣಕ್ಕೆ ಮಾತ್ರ ಉಲ್ಟಾ, ಬಲಸೆರಗು ಮೇಲೆ. ನಾವು ಸಾವಿನಲ್ಲಿ ಅಪ್ರದಕ್ಷಿಣೆ ಸುತ್ತೋದಿಲ್ಲವೇ, ಹಾಗೆ. ಹೆಸರುವಾಸಿ ನಟ ಯಾರಾದರೂ ಸತ್ತರೆ, ಅವನು ಬಲಸೆರಗು ಮೇಲೆ ಹಾಕ್ಕೊಂಡಿರೋ ಚಿತ್ರ ಒತ್ತಿ ಹಂಚೋರು. ಅದನ್ನ ನೋಡಿದ ತಕ್ಷಣ ಓದು ಬರದವರೂ, ಅಯ್ಯೋ, ಹೋದನಾ ಅಂತ ತಿಳ್ಕೋತಿದ್ರು. ಗೊತ್ತಾಯ್ತಾ? ಹೂಂ ಅನ್ನಿ. ಹೂಂ ಅನ್ನದಿದ್ರೆ ನನಗೆ ಕಥೆ ಮುಂದಕ್ಕೆ ಹೋಗೋಲ್ಲ.

ಸರಿ. ಕೊಹಗಿಯ ವಾಯಿದೆ ಮುಗಿಯೋಕೆ ಒಂದೇ ಚಳಿಗಾಲ ಬಾಕಿ ಇತ್ತು. ವಸಂತ ಬಂದರೆ ಅವಳು ಬಾಗಿಲು ದಾಟಿ ಕಡಲ ದಂಡೆಗೆ, ತಾಯಿಯ ಹತ್ತಿರ ಹೋಗಬಹುದು. ಅದೊಂದೇ ಆಸೆಯಲ್ಲಿ ಅವಳು ಇಷ್ಟು ವರ್ಷ ಉಸಿರು ಬಿಗಿಹಿಡಿದಿದ್ದಳು. ಅಷ್ಟರಲ್ಲಿ ವಕ್ಕರಿಸಿದ ನೋಡಿ, ತಾತೆಮುರ ಅನ್ನೋ ಬೆಟ್ಟದ ಸೀಮೆಯ ದೊರೆ.

ಆ ಪೇಟೆಯಲ್ಲಿ ಒಂದು ಪದ್ಧತಿ. ದೊಡ್ಡ ನಾಯಕಸಾನಿಯನ್ನ ದೊರೆಯೇ ಆಗಲಿ ಮೂರು ಸಲ ಬಂದು ಕಾಣಬೇಕು. ಮೊದಲ ಸಲ ಅವಳು ಮೇಲಿನ ಆಸನದಲ್ಲಿ ಕೂತಿರ್ತಾಳೆ. ಮಾತಿಲ್ಲ, ನಗು ಇಲ್ಲ, ಇವನು ತರಿಸಿದ ಊಟ ಮುಟ್ಟೋದಿಲ್ಲ. ಎರಡನೇ ಸಲ ಸ್ವಲ್ಪ ಹತ್ತಿರ ಕೂರ್ತಾಳೆ, ಮನಸ್ಸಾದರೆ ಒಂದು ಮಾತು. ಮೂರನೇ ಸಲಕ್ಕೆ ಒಪ್ಪಿದರೆ ಇವನ ಹೆಸರು ಬರೆದ ಊಟದ ಕಡ್ಡಿ ಇಡ್ತಾರೆ, ಮದುವೆ ಆದಷ್ಟೇ ಲೆಕ್ಕ. ಬೇಡ ಅಂದರೆ ದೊರೆಯಾದರೂ ಬಂದ ದಾರಿ ಹಿಡಿಯಬೇಕು. ನೋಡಿದ್ರಾ, ಗೋಡೆ ಒಳಗಿದ್ರೂ ಎಷ್ಟು ಗತ್ತು!

ತಾತೆಮುರ ಮೊದಲ ಸಲ ಬಂದ. ಕೊಹಗಿ ಕಣ್ಣೆತ್ತಿ ನೋಡಲಿಲ್ಲ. ಎರಡನೇ ಸಲ ಬಂದ. ಅವತ್ತು ಅವಳು ಒಂದೇ ಒಂದು ಮಾತು ಕೇಳಿದಳಂತೆ.

"ಬುದ್ಧೀ, ನಿಮ್ಮ ಕೋಟೆಯಿಂದ ಕಡಲು ಕಾಣುತ್ತಾ?"

ದೊರೆ ಹೊಟ್ಟೆ ಹಿಡ್ಕೊಂಡು ನಕ್ಕ. "ಕಡಲು ಯಾಕೆ ನಿನಗೆ? ನನ್ನ ಹತ್ತಿರ ಕಲ್ಲಿನ ಉಗ್ರಾಣ ಇದೆ. ದೇಶದಲ್ಲಿ ಯಾವ್ಯಾವುದು ಚೆಂದವೋ ಅದೆಲ್ಲ ಅದರೊಳಗಿದೆ. ಚಹಾದ ಬಟ್ಟಲು, ಕತ್ತಿ, ಚಿತ್ರದ ಪರದೆ, ಎಲ್ಲ ಪೆಟ್ಟಿಗೆಯೊಳಗೆ ಪೆಟ್ಟಿಗೆ. ನನ್ನ ಕಣ್ಣು ಬಿಟ್ಟು ಬೇರೆ ಕಣ್ಣು ಬೀಳೋ ಹಾಗಿಲ್ಲ. ಹಿಂದಿನ ವರ್ಷ ಒಬ್ಬ ಹಾಡುಗಾರ್ತಿಯನ್ನ ಕರ್ಕೊಂಡು ಹೋದೆ. ಅವಳ ಹಾಡು ಈಗ ನನ್ನೊಬ್ಬನಿಗೇ."

"ಈಗಲೂ ಹಾಡ್ತಾರಾ ಅವರು?" ಅಂತ ಕೊಹಗಿ ಕೇಳಿದಳು.

"ಇಲ್ಲ, ಯಾಕೋ ನಿಲ್ಲಿಸಿಬಿಟ್ಟಳು," ಅಂದ ದೊರೆ. ಮುಖದಲ್ಲಿ ಒಂದಿಷ್ಟಾದರೂ ಪಶ್ಚಾತ್ತಾಪ? ಊಹೂಂ.

ತನ್ನ ಗತಿಯೂ ಅದೇ ಅಂತ ಕೊಹಗಿಗೆ ತಿಳಿದುಹೋಯ್ತು. ಆಗಲೇ ಬೇಡ ಅಂದುಬಿಡಬಹುದಿತ್ತಲ್ಲ ಅಂತೀರಾ? ಅಂದುಬಿಡ್ತಿದ್ದಳು. ಆದರೆ ಆ ದೊರೆ ಮೊದಲೇ ಮನೆಯ ಯಜಮಾನಮ್ಮನನ್ನ ಕಂಡು, ಇವಳನ್ನ ಪೇಟೆಯಿಂದಲೇ ಬಿಡಿಸ್ಕೊಂಡು ಹೋಗ್ತೀನಿ ಅಂತ ಮಾತು ಮುಗಿಸಿ ಚಿನ್ನ ಸುರಿದುಬಿಟ್ಟಿದ್ದ. ಹಾಗೆ ಬಿಡಿಸ್ಕೊಂಡವಳಿಗೆ ಬೇಡ ಅನ್ನೋ ಹಕ್ಕಿಲ್ಲ. ಮೂರನೇ ಸಲ ಬಂದಾಗ ಪಲ್ಲಕ್ಕಿ ತರ್ತಾನೆ, ಕೂರಿಸ್ಕೊಂಡು ಹೋಗ್ತಾನೆ. ಆಮೇಲೆ ಆ ಕಲ್ಲಿನ ಉಗ್ರಾಣ, ಸಾಯೋ ತನಕ.

ಹೋಗೋ ಮುಂಚೆ ದೊರೆ ಒಂದು ಮಾತು ಸೇರಿಸಿದ. "ನಿನ್ನ ಚಿತ್ರ ಒಂದು ಒತ್ತಿಸಬೇಕು. ದೇಶದ ದೊರೆಗಳಿಗೆಲ್ಲ ಒಂದೊಂದು ಕಳಿಸ್ತೀನಿ. ನೋಡಿ ಹೊಟ್ಟೆ ಉರ್ಕೊಳ್ಳಲಿ. ಆಮೇಲೆ ನಿನ್ನನ್ನ ಯಾರೂ ನೋಡಬಾರದು. ಈ ಪೇಟೆಯ ಚಿತ್ರಗಾರರು ಬೇಡ, ಅವರು ಎಲ್ಲರಿಗೂ ಒಂದೇ ಮುಖ ಬರೀತಾರೆ. ನನ್ನ ಕೋಟೆಯ ಚಿತ್ರಗಾರ ತೊಮೊನಾಗನನ್ನ ಕಳಿಸ್ತೀನಿ."

ಆ ತೊಮೊನಾಗ ಎಂಥವನು ಅಂದ್ರೆ, ಹುಟ್ಟಿದಾಗಿನಿಂದ ಹೆಂಗಸಿನ ಚಿತ್ರವನ್ನೇ ಬರೆದವನಲ್ಲ. ಬರೆದದ್ದೆಲ್ಲ ದೇವದಾರು ಮರ, ಕೊಕ್ಕರೆ, ಬಂಡೆ. ಆದರೆ ಕಂಡದ್ದನ್ನ ಕಂಡ ಹಾಗೆ ಬರೆಯೋದರಲ್ಲಿ ಅವನನ್ನ ಮೀರಿಸೋರಿಲ್ಲ. ಕೊಕ್ಕರೆ ಬರೆದರೆ ಪುಕ್ಕ ಎಣಿಸಿ ಬರೆಯೋನು. "ನನ್ನ ಕಣ್ಣು ಸುಳ್ಳು ಹೇಳೋಲ್ಲ, ನನ್ನ ಕೈ ಕಣ್ಣಿಗೆ ಎದುರಾಡೋಲ್ಲ," ಅಂತ ಕಂಡಕಂಡವರಿಗೆಲ್ಲ ಹೇಳ್ಕೊಂಡು ತಿರುಗೋನಂತೆ. ಜಂಬದ ಮೂಟೆ!

ಅವನು ಬಂದು ಕಾಗದ ಹಾಸಿ, ಮಸಿ ತೇಯ್ದು ಕೂತ. ಕೊಹಗಿ ಒಳಗಿಂದಲೇ ಒಂದು ನೆಪ ಹೇಳಿ ಕಳಿಸಿದಳಂತೆ: "ಸ್ವಾಮೀ, ನಮ್ಮಲ್ಲಿ ಮೂರನೇ ಭೇಟಿಗೆ ಮುಂಚೆ ಗಂಡಸರು ಮುಖಕ್ಕೆ ಮುಖ ಕೊಟ್ಟು ನೋಡೋ ಹಾಗಿಲ್ಲ. ದೊರೆಗಳೇ ಎರಡು ಸಲ ಕೂತು ಎದ್ದಿದ್ದಾರೆ. ಅವರಿಗಿಂತ ಮುಂಚೆ ನೀವು ನೋಡಿದ್ರೆ ಚೆನ್ನಾಗಿರುತ್ತಾ?"

ತೊಮೊನಾಗನ ಬೆವರು ಇಳೀತು. "ಅಯ್ಯಯ್ಯೋ, ಬೇಡ ತಾಯಿ! ಮತ್ತೆ ಬರೆಯೋದು ಹೇಗೆ?"

"ಆಳೆತ್ತರದ ಕಂಚಿನ ಕನ್ನಡಿ ಇದೆ. ನಾನು ಅದರ ಮುಂದೆ ನಿಲ್ತೀನಿ. ನೀವು ನನ್ನ ಬೆನ್ನ ಹಿಂದೆ ಕೂತು ಕನ್ನಡಿಯಲ್ಲಿ ಕಂಡದ್ದನ್ನ ಬರೀರಿ. ನಿಮ್ಮ ಕಣ್ಣಂತೂ ಸುಳ್ಳು ಹೇಳೋಲ್ಲ ಅಂತ ಕೇಳಿದ್ದೀನಿ."

ಇಷ್ಟು ಸಾಕಾಯ್ತು ಅವನಿಗೆ, ಉಬ್ಬಿಹೋದ. ಮೂರು ಮಧ್ಯಾಹ್ನ ಕೂತು ಬರೆದ. ಕನ್ನಡಿಯಲ್ಲಿ ಏನು ಕಂಡಿತೋ ಅದನ್ನೇ ಬರೆದ. ಬಾಚಣಿಗೆಯ ಹಲ್ಲು ಎಣಿಸಿ ಬರೆದ. ಬಿಳಿ ಬಳಿದ ಮುಖವನ್ನ ಬಿಳಿಯಾಗೇ ಬರೆದ, ಹಾಗಾಗಿ ಅದೂ ಎಲ್ಲರ ಮುಖದ ಹಾಗೇ ಆಯ್ತು. ಬರಿಗಾಲು ಬರೆದ, ಕಾಲಿನ ಬೆರಳು ಬರೆದ, ಹೆಬ್ಬೆರಳ ಬುಡದಲ್ಲಿದ್ದ ಆ ಅರ್ಧಚಂದ್ರನ ಕಲೆಯನ್ನೂ ಬಿಡಲಿಲ್ಲ ಪುಣ್ಯಾತ್ಮ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುತ್ತಲ್ಲ, ಅದು ಅವನ ತಲೆಗೆ ಹೊಳೀಲೇ ಇಲ್ಲ. ಕೊಕ್ಕರೆಗೆ ಎಡಸೆರಗು ಬಲಸೆರಗು ಎಲ್ಲಿಂದ ಬರಬೇಕು ಹೇಳಿ? ಚಿತ್ರ ಮುಗಿದಾಗ ಕೊಹಗಿಯ ಬಲಸೆರಗು ಮೇಲಿತ್ತು.

ಚಿತ್ರ ರಾಜಧಾನಿಯಲ್ಲಿದ್ದ ದೊರೆಯ ಬಿಡಾರಕ್ಕೆ ಹೋಯ್ತು. ದೊರೆ ನೋಡಿದ್ದು ಏನು? ಆಮೆಚಿಪ್ಪಿನ ಬಾಚಣಿಗೆ ಎಷ್ಟಿದೆ, ಜರಿ ಎಷ್ಟಿದೆ, ಎಲ್ಲ ಬಂದಿದೆಯಾ ಅಂತ. ಸೆರಗಿನ ಮಡಿಕೆ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕಾರಭಾರಿ ನೋಡಿದ, ಬೆಚ್ಚಿಬಿದ್ದ, ಸುಮ್ಮನಾದ. ಆ ದೊರೆಗೆ ತಪ್ಪು ತೋರಿಸಿದವರ ತಲೆ ಉಳಿದದ್ದಿಲ್ಲ. ದೊರೆ ಚಿತ್ರದ ಮೇಲೆ ತನ್ನ ಮುದ್ರೆ ಒತ್ತಿ, ಹಲಗೆ ಕೊರೆಯೋ ಗೆನ್ಪಾಚಿಗೆ ಕಳಿಸಿದ. ಜೊತೆಗೆ ಒಂದು ಅಪ್ಪಣೆ: "ಇದರಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಆದ್ರೂ ನಿನ್ನ ತಲೆ ಇರೋಲ್ಲ."

ಗೆನ್ಪಾಚಿ ಅಂದ್ರೆ ಮೂಗಿನ ತುದಿಯಲ್ಲಿ ಕೋಪ ಇರೋ ಆಸಾಮಿ. ಕೆಲಸ ಮಾತ್ರ ಅಪ್ಪಟ. ಅವನು ಕೊರೆದ ಮುಂಗುರುಳಿಗೆ ಬಾಚಣಿಗೆ ಹಾಕಬಹುದು ಅನ್ನಿಸ್ತಿತ್ತಂತೆ. ಅವನು ಚಿತ್ರ ಬಿಚ್ಚಿ ನೋಡಿದವನೇ ಅದನ್ನ ಬಗಲಲ್ಲಿ ಇಟ್ಕೊಂಡು ಧುಮುಧುಮು ಅಂತ ಪೇಟೆಗೆ ಬಂದ.

"ಏನಮ್ಮಾ ಇದು? ಬದುಕಿದ್ದೀಯೋ ಸತ್ತಿದ್ದೀಯೋ? ಆ ಕೊಕ್ಕರೆ ಬರೆಯೋನಿಗೆ ಬುದ್ಧಿ ಇಲ್ಲ ಸರಿ, ನಿನಗೂ ಇಲ್ವಾ?" ಅಂತ ಬಾಗಿಲಲ್ಲೇ ಕೂಗಾಡಿದ.

"ದೊರೆ ಏನಂದ್ರು ಗೆನ್ಪಾಚಣ್ಣ?" ಅಂತ ಕೇಳಿದಳು ಕೊಹಗಿ.

"ಕೂದಲೆಳೆ ವ್ಯತ್ಯಾಸ ಆದ್ರೆ ತಲೆ ಹೋಗುತ್ತೆ ಅಂದ್ರು. ನನಗೆ! ಇವರಪ್ಪನ ಕಾಲದಿಂದ ಕೊರೀತಾ ಇದ್ದೀನಿ, ನನಗೆ ಹೇಳೋಕೆ ಬರ್ತಾನೆ!"

"ಹಾಗಾದ್ರೆ ತಲೆ ಉಳಿಸ್ಕೊಳ್ಳಿ ಅಣ್ಣ. ಅವರು ಹೇಳಿದ ಹಾಗೇ ಮಾಡಿ."

ಗೆನ್ಪಾಚಿ ಅವಳ ಮುಖ ನೋಡಿದ. ಅವಳೂ ಕಣ್ಣು ತಪ್ಪಿಸದೆ ನೋಡಿದಳು. ಆಮೇಲೆ ಅವನು ನಕ್ಕನಂತೆ. ಅವನು ನಕ್ಕಿದ್ದನ್ನ ಆ ಪೇಟೆ ಅವತ್ತೇ ಮೊದಲು ನೋಡಿದ್ದು. ಅವರಲ್ಲಿ ಚಿತ್ರದ ಕಾಗದವನ್ನೇ ಹಲಗೆಗೆ ಅಂಟಿಸಿ ಅದರ ಮೇಲೇ ಕೊರೀತಾರೆ, ಕೊರೆದಾಗ ಮೂಲ ಚಿತ್ರ ಚೂರುಚೂರಾಗಿ ಹೋಗುತ್ತೆ. ಮತ್ತೆ ತಿದ್ದೋಕೆ ಏನೂ ಇರೋಲ್ಲ. ಗೆನ್ಪಾಚಿ ಮನೆಗೆ ಹೋಗಿ ಕೂತ, ದೊರೆ ಹೇಳಿದ ಹಾಗೇ ಕೊರೆದ. ಹಟಕ್ಕೆ ಬಿದ್ದು ಎಂಥಾ ಕೆಲಸ ಮಾಡಿದ ಅಂತೀರಿ! ಆ ಅಂಗಿಯ ಮಡಿಕೆಯಲ್ಲಿ ಗಾಳಿ ಆಡ್ತಿದೆ ಅನ್ನಿಸ್ತಿತ್ತಂತೆ.

ಚಿತ್ರಗಳು ದೇಶದ ಮೂಲೆ ಮೂಲೆಗೆ ಹೋದವು. ತಾತೆಮುರ ಬಿಡಾರದಲ್ಲಿ ಕೂತು ಕಾದ. ದೊರೆಗಳು ಹೊಟ್ಟೆಕಿಚ್ಚಿನಲ್ಲಿ ಏನೇನು ಹೇಳಿ ಕಳಿಸ್ತಾರೋ ಅಂತ ಅವನಿಗೆ ಖುಷಿಯೋ ಖುಷಿ. ಮೊದಲು ಪಕ್ಕದ ಸೀಮೆಯ ದೊರೆಯಿಂದ ಆಳು ಬಂದ. ಬಿಳಿ ಹೂವು ತಂದಿದ್ದ. "ದುಃಖ ಸಹಿಸಿಕೊಳ್ಳಬೇಕು," ಅಂದ. ಇದೇನಪ್ಪಾ ಅಂತ ದೊರೆ ಕಕ್ಕಾಬಿಕ್ಕಿ. ಆಮೇಲೆ ಇನ್ನೊಬ್ಬ ಬಂದ, ಮೇಣದ ಬತ್ತಿ ತಂದ. ಮತ್ತೊಬ್ಬ ಧೂಪ ತಂದ. ಮಠದಿಂದ ಸನ್ಯಾಸಿಗಳು ಬಂದು ಮಂತ್ರ ಶುರುಮಾಡಿಬಿಟ್ರು. ಹುಚ್ಚು ಹಿಡಿದ ಹಾಗಾಗಿ ದೊರೆ ತನ್ನ ಪಾಲಿನ ಚಿತ್ರ ತರಿಸಿ ನೋಡಿದ. ಆಗ ಕಂಡಿತು ಬಲಸೆರಗು. ತೊಮೊನಾಗನನ್ನ ಕರೆಸಿದರೆ ಅವನು ಎದೆ ಸೆಟೆಸಿ, "ಕಂಡದ್ದನ್ನ ಕಂಡ ಹಾಗೆ ಬರೆದಿದ್ದೀನಿ ಬುದ್ಧೀ, ತಮ್ಮ ಮುದ್ರೆಯೂ ಬಿದ್ದಿದೆ," ಅಂದ.

ಅಷ್ಟರಲ್ಲಿ, ದೇಶದ ದೊರೆಗಳಿಗೆಲ್ಲ ದೊರೆಯಾದ ಮಹಾಪ್ರಭುವಿನ ಅರಮನೆಯಿಂದಲೇ ಧೂಪ ಬಂತು. "ನಿನ್ನ ಪ್ರೀತಿಯವಳು ತೀರಿಕೊಂಡ ಸುದ್ದಿ ಕೇಳಿ ನೊಂದೆವು. ನಮ್ಮ ಕೈಯಾರೆ ಅವಳ ಹೆಸರಲ್ಲಿ ಧೂಪ ಹಾಕಿದ್ದೇವೆ," ಅಂತ ಹೇಳಿ ಕಳಿಸಿದ್ದರು. ದೊರೆ ತಲೆ ಮೇಲೆ ಕೈ ಹೊತ್ತು ಕೂತ.

ಒಂದು ವಾರ ಕಳೆದ ಮೇಲೆ ಮೂರನೇ ಭೇಟಿಗೆ ಬಂದ. ಕೆಂಡಾಮಂಡಲ! ಆದರೆ ಆ ಮನೆಗಳಲ್ಲಿ ಯಾರೇ ಬರಲಿ ಕತ್ತಿಯನ್ನ ಬಾಗಿಲಲ್ಲೇ ಬಿಡಬೇಕು, ಅದೂ ಪದ್ಧತಿ. ಬರಿಗೈಯಲ್ಲೇ ಮೇಲೆ ಹತ್ತಿದ. ಕೊಹಗಿ ಬಿಳಿ ನಿಲುವಂಗಿ ತೊಟ್ಟು, ಬಲಸೆರಗು ಮೇಲೆ ಹಾಕಿ, ಮೊದಲ ದಿನ ಕೂತ ಹಾಗೇ ಕೂತಿದ್ದಳು. ಮಾತಿಲ್ಲ, ನಗು ಇಲ್ಲ.

"ಏನೇ ಇದು ಆಟ? ಮಾತಾಡು!" ಅಂತ ಗುಡುಗಿದ.

"ಸತ್ತವರು ಮಾತಾಡಬಾರದು ಬುದ್ಧೀ. ಅಪ್ಪಣೆ ಕೊಟ್ಟರೆ ಆಡ್ತೀನಿ."

"ಆಡು!"

"ಕೊಹಗಿ ಬದುಕಿದ್ದಾಳೆ ಅಂತ ನೀವು ಊರೂರಿಗೆ ಸಾರಿಸಿ. ಆಗ ಮಹಾಪ್ರಭುಗಳು ಕೇಳ್ತಾರೆ, ಬದುಕಿರೋಳ ಹೆಸರಲ್ಲಿ ನನ್ನ ಕೈಯಲ್ಲಿ ಧೂಪ ಹಾಕಿಸಿದೆಯಾ ಅಂತ. ಚಿತ್ರಗಾರನ ತಪ್ಪು ಅಂತೀರಾ, ಅದರ ಮೇಲೆ ನಿಮ್ಮ ಮುದ್ರೆ ಇದೆ. ತಾತೆಮುರ ದೊರೆಗೆ ಬದುಕಿದವರ ಸೆರಗು ಯಾವುದು, ಹೆಣದ ಸೆರಗು ಯಾವುದು ಗೊತ್ತಾಗಲ್ಲ ಅಂತ ದೇಶ ನಗುತ್ತೆ. ಅದು ಬೇಡ ಅಂದ್ರೆ ಕೊಹಗಿ ಸತ್ತಳು ಅಂತ ಒಪ್ಕೊಳ್ಳಿ. ಆಗ ನೀವು ಒಲಿದವಳನ್ನ ಕಳ್ಕೊಂಡ ದೊರೆ. ನಿಮ್ಮ ದುಃಖಕ್ಕೆ ಮಹಾಪ್ರಭುಗಳೇ ಕರಗಿದ್ದಾರೆ. ಯಾವುದು ಬೇಕು ನೋಡಿ."

ದೊರೆ ಹಲ್ಲು ಕಡಿದ. "ನಿನ್ನನ್ನ ಈಗಲೇ ನಿಜವಾದ ಹೆಣ ಮಾಡಿಬಿಟ್ಟರೆ?"

"ಧೂಪ ಬಂದು ವಾರ ಆಯ್ತು ಬುದ್ಧೀ. ವಾರದ ಹಿಂದೆ ಸತ್ತವಳ ಹೆಣ ಇವತ್ತು ಬಿಸಿಯಾಗಿದ್ರೆ ಹೊರೋರು ಏನಂತಾರೆ?"

ಬರಿಗೈಯಲ್ಲಿ ಕೂತು ಇಷ್ಟು ಮಾತಾಡಿದಳಂತೆ. ಧೈರ್ಯ ಅಂದ್ರೆ ಇದು ಕಣ್ರಪ್ಪ! ಕತ್ತಿ ಹಿಡ್ಕೊಂಡು ಕುಣಿಯೋದು ಯಾರಿಗೆ ಬರೋಲ್ಲ?

ದೊರೆ ಅವಳೆದುರಿಗೆ ಕುಸಿದು ಕೂತ. ಕೊನೆಗೆ ಇಳಿದ ದನಿಯಲ್ಲಿ, "ಹೆಣ ಎಲ್ಲಿಂದ ತರಲಿ?" ಅಂದ.

"ನಾನೇ ಇದ್ದೀನಲ್ಲ. ಪೇಟೆಯ ಬಾಗಿಲು ದಾಟಿಸಿ ಊರಾಚೆಯ ಗುಡಿಯ ತನಕ ಕಳಿಸಿಕೊಡಿ. ಅಲ್ಲಿಂದ ಮುಂದೆ ಹೆಣ ಯಾರ ಸೊತ್ತೂ ಅಲ್ಲ."

ಸರಿ, ಸತ್ತಳು ಕೊಹಗಿ. ಆ ದೇಶದಲ್ಲಿ ಹೆಣವನ್ನ ಕೂರಿಸಿ ಒಯ್ತಾರಂತೆ, ಮರದ ಪೀಪಾಯಿಯಂಥದ್ದರಲ್ಲಿ. ನಮ್ಮಲ್ಲೂ ಕೆಲವರು ಕೂರಿಸೇ ಮಣ್ಣು ಮಾಡ್ತಾರಲ್ಲ. ಅದರೊಳಗೆ ಮೊಣಕಾಲು ತಬ್ಬಿಕೊಂಡು ಕೂತು, ಚಿಕ್ಕಂದಿನಲ್ಲಿ ತಾಯಿ ಕಲಿಸಿದ್ದ ಹಾಗೆ ಉಸಿರು ಬಿಗಿಹಿಡಿದು, ಆ ಒಂದೇ ಬಾಗಿಲು ದಾಟಿದಳು. ಪೇಟೆಯ ಹೆಂಗಸರೆಲ್ಲ ಹಿಮದಲ್ಲಿ ಬರಿಗಾಲಲ್ಲಿ ಸಾಲಾಗಿ ನಿಂತಿದ್ದರಂತೆ. ಚಿನ್ನ ಎಣಿಸ್ಕೊಂಡ ಯಜಮಾನಮ್ಮನೂ ಯಾಕೋ ಅತ್ತುಬಿಟ್ಟಳಂತೆ. ತಾತೆಮುರ ಬಿಳಿ ಬಟ್ಟೆ ಉಟ್ಟು ಹೆಣದ ಹಿಂದೆ ನಡೆದ. ಬೀದಿಯ ಎರಡೂ ಕಡೆ ಜನ ಅವನಿಗೆ ತಲೆ ಬಾಗಿಸೋದು ನೋಡಿ ನೋಡಿ, ಅರ್ಧ ದಾರಿಗೆ ಅವನಿಗೆ ನಿಜವಾಗಿಯೂ ಅಳು ಬಂತಂತೆ! ಎಂಥೆಂಥವರಿರ್ತಾರೆ ನೋಡಿ. ಗುಡಿಯಲ್ಲಿ ಪೀಪಾಯಿ ಇಳಿಸಿ ಎಲ್ಲರೂ ತಿರುಗಿ ಹೋದ ಮೇಲೆ ಅವಳು ಮುಚ್ಚಳ ತೆಗೆದು ಎದ್ದು, ಕಡಲ ದಾರಿ ಹಿಡಿದಳು.

ಗೆನ್ಪಾಚಿಯ ಹಲಗೆಯಿಂದ ಮತ್ತೆ ಮತ್ತೆ ಚಿತ್ರ ಒತ್ತಿದ್ರು, ಎಷ್ಟು ಒತ್ತಿದರೂ ಸಾಲದು. ಸತ್ತವಳ ಚಿತ್ರ ಅಂತ ಕೊಂಡವರೆಲ್ಲ ಹೇಳಿದ್ದು ಒಂದೇ ಮಾತು, "ಎಷ್ಟು ಜೀವಂತವಾಗಿದೆ!" ಅಂತ.

ಅತ್ತ ಕಡಲ ದಂಡೆಗೆ ಮೀನಿನ ವ್ಯಾಪಾರಿ ಒಬ್ಬ ಹೋದ. ಚಿತ್ರ ಬಿಚ್ಚಿ ತೋರಿಸಿದ. "ನಿಮ್ಮೂರ ಹುಡುಗಿಯೇ ಅಂತೆ. ದೊಡ್ಡ ಹೆಸರು ಮಾಡಿದ್ದಳಂತೆ. ಪಾಪ, ಹೋಗಿಬಿಟ್ಟಳು." ಊರಿನ ಹೆಂಗಸರು ಬಾಯಿ ಬಾಯಿ ಬಡ್ಕೊಂಡ್ರು. ಅಯ್ಯೋ, ಇದೊಂದು ಕೊಹಗಿಗೆ ಹೊಳೆದಿರಲಿಲ್ಲ. ತನ್ನ ಚಿತ್ರ ತನಗಿಂತ ಮುಂಚೆ ತಾಯಿಯ ಮನೆ ಸೇರುತ್ತೆ ಅಂತ ಅವಳು ಎಣಿಸಿರಲಿಲ್ಲ.

ಮುದುಕಿ ನಾಮಿ ಚಿತ್ರವನ್ನ ಕೈಗೆ ತಗೊಂಡಳು. ಮುಖ ನೋಡಿದಳು. ಅದು ಯಾರ ಮುಖವೂ ಆಗಬಹುದು. ಬಲಸೆರಗು ನೋಡಿದಳು. ಆಮೇಲೆ ಕಾಲು ನೋಡಿದಳು. ಬಹಳ ಹೊತ್ತು ಕಾಲನ್ನೇ ನೋಡಿದಳು. ಚಿತ್ರ ಮಡಿಚಿ ಎದೆಗಿಟ್ಕೊಂಡು ಎದ್ದಳು.

"ಮಗಳ ಹೆಸರಲ್ಲಿ ಧೂಪ ಹಾಕು ನಾಮಿ," ಅಂದ್ರು ಊರಿನವರು.

"ಹಾಕೋಲ್ಲ," ಅಂದಳು.

ಹಾಕೋಲ್ಲ ಅಂದ್ರೆ ಹಾಕೋಲ್ಲ. ಮುದುಕಿಗೆ ತಲೆ ಕೆಟ್ಟಿತು ಅಂತ ಊರು ಮಾತಾಡ್ಕೊಂಡಿತು. ಅವಳು ದಿನಾ ಬೆಳಿಗ್ಗೆ ದಡಕ್ಕೆ ಬಂದು, ಮುಳುಗೋ ದಿನ ಅಲ್ಲದಿದ್ರೂ ಬೆಂಕಿ ಹಾಕಿ, ಮರಳ ದಾರಿ ಕಡೆ ಮುಖ ಮಾಡಿ ಕೂರ್ತಿದ್ದಳಂತೆ.

ಒಂದು ದಿನ ಬೆಳಿಗ್ಗೆ ಆ ದಾರಿಯಲ್ಲಿ ಒಬ್ಬ ಹೆಂಗಸು ನಡೆದು ಬಂದಳು. ಹತ್ತಿಯ ಹಳೇ ಅಂಗಿ, ಬಾಚದ ತಲೆ, ಬರಿಗಾಲು. ದಡದಲ್ಲಿ ಮೀನು ಒಣಹಾಕ್ತಿದ್ದ ಹೆಂಗಸೊಬ್ಬಳು ಹತ್ತಿರ ಹೋಗಿ ಯಾರು ಅಂತ ಕೇಳಿದಳು. "ಇಸೊ, ನಾಮಿಯ ಮಗಳು," ಅಂದ ತಕ್ಷಣ, "ದೆವ್ವ! ದೆವ್ವ!" ಅಂತ ಚೀರ್ಕೊಂಡು ಓಡಿದಳು. ಊರಿಗೆ ಊರೇ ದಡ ಬಿಟ್ಟು ದಿಕ್ಕಾಪಾಲು. ನಮ್ಮ ದೆವ್ವಕ್ಕೆ ಕಾಲು ಹಿಂದುಮುಂದು ಅಂತೀವಿ, ಅವರ ದೆವ್ವಕ್ಕೆ ಕಾಲೇ ಇರೋಲ್ಲವಂತೆ. ಓಡೋ ಅವಸರದಲ್ಲಿ ಯಾರೂ ಕಾಲು ನೋಡಲಿಲ್ಲ.

ನಾಮಿ ಮಾತ್ರ ಕದಲಲಿಲ್ಲ. ಬೆಂಕಿ ಮುಂದೆ ಕೂತ ಹಾಗೇ, "ಎಡಗಾಲು ಇಲ್ಲಿ ಇಡು," ಅಂದಳು.

ಇಸೊ ಎಡಗಾಲು ಮುಂದಿಟ್ಟಳು. ಮುದುಕಿ ಬಗ್ಗಿ ನೋಡಿದಳು. ಹೆಬ್ಬೆರಳ ಬುಡದಲ್ಲಿ ಅರ್ಧಚಂದ್ರ. ಆ ಕಾಲನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಮಡಿಲಿಗೆ ಎಳ್ಕೊಂಡಳು.

"ಅಮ್ಮಾ, ಚಿತ್ರ ಇಲ್ಲಿಗೂ ಬಂದಿತ್ತು ಅಂತ ದಾರಿಯಲ್ಲಿ ಕೇಳಿದೆ. ನಾನು ಸತ್ತೆ ಅಂತ ನೀನು ನಂಬಲಿಲ್ವಾ?"

"ಊರೆಲ್ಲ ನಂಬಿತು," ಅಂದಳು ನಾಮಿ. "ನಾನು ಕಾಲು ನೋಡಿದೆ. ಎಡಗಾಲ ಕಲೆ ಬಲಗಾಲಿಗೆ ಬಂದಿತ್ತು. ನೀರಿನಲ್ಲಿ ದಿನಾ ನನ್ನ ನೆರಳು ನೋಡ್ತೀನಿ, ಅಲ್ಲೂ ಹೀಗೇ ಕಾಣೋದು. ಕಾಲು ಅದಲುಬದಲಾಗಿದ್ರೆ ಸೆರಗೂ ಅದಲುಬದಲೇ ಅಲ್ವಾ? ಹಾಗಾದ್ರೆ ನನ್ನ ಮಗಳು ಬದುಕಿದ್ದಾಳೆ, ಬರ್ತಾಳೆ ಅಂತ ಬೆಂಕಿ ಹಾಕಿ ಕೂತೆ."

ದೇಶದ ದೊರೆಗಳೆಲ್ಲ ನೋಡಿದ ಚಿತ್ರ. ಅವರೆಲ್ಲ ಸೆರಗು ನೋಡಿದ್ರು. ತಾಯಿ ಒಬ್ಬಳೇ ಕಾಲು ನೋಡಿದ್ದು.

ಇಸೊ ಬಿಕ್ಕಿ ಬಿಕ್ಕಿ ಅತ್ತಳಂತೆ. ದೊರೆಯ ಮುಂದೆ ಅಳದವಳು, ಹೆಣದ ಪೀಪಾಯಿಯಲ್ಲಿ ಅಳದವಳು, ಅಲ್ಲಿ ಮಗುವಿನ ಹಾಗೆ ಅತ್ತಳು. ನಾಮಿಯೂ ಅತ್ತಳು. ಅಳ್ತಾ ಅಳ್ತಾನೇ ಆ ಕಾಲನ್ನ ಬೆಂಕಿಗೆ ಹಿಡಿದು ಉಜ್ಜಿ ಉಜ್ಜಿ ಬೈದಳಂತೆ:

"ಮಂಜುಗಡ್ಡೆ ಆಗಿದೆಯಲ್ಲೇ ಕಾಲು! ಇಷ್ಟು ದೊಡ್ಡವಳಾಗಿದ್ದೀಯ, ಒಂದು ಜೊತೆ ಕಾಲುಚೀಲ ಹಾಕ್ಕೋಬೇಕು ಅಂತ ಯಾರೂ ಹೇಳಿಕೊಡಲಿಲ್ವಾ ನಿನಗೆ?"

ಅವತ್ತಿನಿಂದ ಇಸೊ ಚಳಿಗಾಲದಲ್ಲಿ ಕಾಲುಚೀಲ ಹಾಕ್ಕೊಂಡಳಂತೆ. ಅವರು ಆ ದಡದಲ್ಲಿ ಬೆಂಕಿ ಕಾಯಿಸ್ತಾ ಬೆಚ್ಚಗಿದ್ದಾರೆ, ನಾವು ಈ ಜಗಲಿಯ ಮೇಲೆ ಕಥೆ ಕಾಯಿಸ್ತಾ ಬೆಚ್ಚಗಿದ್ದೀವಿ. ಹೇಳಿದವಳ ಬಾಯಿ ಒಣಗಿತು, ಕೇಳಿದವರು ಎದ್ದು ಒಂದು ಚೊಂಬು ನೀರು ತನ್ನಿ.